ಮೊಯ್ ಅವರ ಎರಡು ವಯಸ್ಸು

ಅನಸೂಯಳ ಅಜ್ಜಿ ಯಾರನ್ನೂ "ನಿಮಗೆಷ್ಟು ವಯಸ್ಸು" ಎಂದು ನೇರವಾಗಿ ಕೇಳಿದವಳಲ್ಲ. ಹಾಗೆ ಕೇಳಿದರೆ ಎದುರಿನವರ ಆಯುಸ್ಸಿಗೆ ಕಣ್ಣು ಬೀಳುತ್ತದೆ ಎಂದು ಅವಳ ನಂಬಿಕೆ. ಬಂದವರನ್ನು ಕೂರಿಸಿ, ಕಾಫಿ ಕೊಟ್ಟು, ಊರುಕೇರಿ ವಿಚಾರಿಸಿದ ಮೇಲೆ, "ಹುಟ್ಟಿದ್ದು ಯಾವ ಸಂವತ್ಸರವೋ?" ಎಂದು ಬಳಸಿಕೊಂಡು ಬರುತ್ತಿದ್ದಳು. ಪಿಂಗಳವೋ ರಾಕ್ಷಸವೋ, ಬಂದ ಉತ್ತರವನ್ನು ಬೆರಳಿನ ಗೆಣ್ಣಿನ ಮೇಲೆ ಎಣಿಸಿಕೊಂಡು ಸುಮ್ಮನಾಗುತ್ತಿದ್ದಳು. ತಿಳಿಯಬೇಕಾದ್ದು ತಿಳಿಯಿತು, ಯಾರ ಮನಸ್ಸೂ ನೋಯಲಿಲ್ಲ.

ಅಂಥ ಅಜ್ಜಿಯ ಮೊಮ್ಮಗಳಿಗೆ ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ಶಿಕಾಗೋದ ದಕ್ಷಿಣ ಭಾಗದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಎರಡನೆಯ ವರ್ಷದ ರೆಸಿಡೆಂಟ್ ಆಗಿ, ದಿನಕ್ಕೆ ಇಪ್ಪತ್ತು ಸಲ ಅದೇ ಪ್ರಶ್ನೆಯನ್ನು ಮುಖಕ್ಕೆ ಹೊಡೆದಂತೆ ಕೇಳಬೇಕಾಗಿ ಬಂದಿತ್ತು. ಹೆಸರು? ವಯಸ್ಸು? ಎಲ್ಲಿ ನೋವು? ಅಮೆರಿಕದವರು ಥಟ್ಟನೆ ಹೇಳಿಬಿಡುತ್ತಿದ್ದರು. ಸಂಕಟವಿದ್ದದ್ದು ನಾಲ್ಕು ಬೀದಿ ಆಚೆಗಿನ ಚೈನಾಟೌನಿನಿಂದ ಬರುವ ಮುದುಕರದ್ದು. ವಯಸ್ಸು ಕೇಳಿದ ಕೂಡಲೇ ಅವರು ಗೋಡೆ ನೋಡುತ್ತಿದ್ದರು. ಮತ್ತೂ ಕೇಳಿದರೆ ಒಳಜೇಬಿನಿಂದ ಒಂದು ಹಳೆಯ ಕಾರ್ಡು ತೆಗೆದು ಮುಂದೆ ಹಿಡಿಯುತ್ತಿದ್ದರು, ಬಾಯಿ ಮಾತ್ರ ಬಿಡುತ್ತಿರಲಿಲ್ಲ.

"ಹಾಗೆ ಕೇಳಿದ್ರೆ ಯಾರು ಹೇಳ್ತಾರೆ ಡಾಕ್ಟರ್?" ಎಂದು ಒಂದು ದಿನ ಮಿಸೆಸ್ ಚಿನ್ ನಕ್ಕರು. ಅವರು ಅದೇ ವಾರ್ಡಿನ ಆಯಾ, ಐವತ್ತರ ಹೆಂಗಸು. ಹಾಸಿಗೆಯ ಚಾದರವನ್ನು ಒಂದೂ ಸುಕ್ಕಿಲ್ಲದಂತೆ ಎಳೆದು ಕಟ್ಟುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. "ಮಕ್ಕಳನ್ನಾದ್ರೆ 'ನೇ ಗೇ ಡೋ ಸೋಯ್ ಆ' ಅಂತ ಕೇಳಿ. ವಾರಗೆಯವರನ್ನೂ ಕೇಳಬಹುದು, ಸಲಿಗೆ ಇದ್ರೆ. ಹಿರಿಯರನ್ನ ಹಾಗೆ ಕೇಳಬಾರದು."

"ಹಿರಿಯರನ್ನ ಹ್ಯಾಗೆ ಕೇಳೋದು?"

"ಮೊದಲು 'ಆ ಬಾಕ್' ಅಂತ ಕರೀರಿ. ಅಪ್ಪನಿಗಿಂತ ದೊಡ್ಡವರು ಅಂತ ಅರ್ಥ."

"ನಮ್ಮ ದೊಡ್ಡಪ್ಪ!"

"ಹಾಗೇ ಅಂದುಕೊಳ್ಳಿ. ಆಮೇಲೆ, 'ನೇ ಸುಕ್ ಮೇ ಆ' ಅನ್ನಿ. ನೀವು ಯಾವ ಪ್ರಾಣಿಯ ವರ್ಷದವರು ಅಂತ. ಇಲಿ, ಎತ್ತು, ಹುಲಿ, ಮೊಲ, ಹೀಗೆ ಹನ್ನೆರಡು ಪ್ರಾಣಿ, ಹನ್ನೆರಡು ವರ್ಷ. ಪ್ರಾಣಿ ಗೊತ್ತಾದ್ರೆ ಮುಖ ನೋಡಿ ವರ್ಷ ಎಣಿಸಿಕೊಳ್ಳೋದು ನಿಮ್ಮ ಕೆಲಸ."

ಅನಸೂಯಳಿಗೆ ಅಜ್ಜಿಯೇ ಎದುರಿಗೆ ಬಂದು ಕೂತಷ್ಟು ಖುಷಿಯಾಯಿತು. ಜೇಬಿನ ಪುಟ್ಟ ಪುಸ್ತಕದಲ್ಲಿ ಹನ್ನೆರಡೂ ಪ್ರಾಣಿಗಳನ್ನು ಕನ್ನಡದಲ್ಲಿ ಬರೆದುಕೊಂಡಳು. ತಾನು ಹುಟ್ಟಿದ ವರ್ಷ ಹಾವಿನದು ಎಂದು ತಿಳಿದು ಇನ್ನೂ ಖುಷಿಪಟ್ಟಳು. ಹದಿನೈದು ದಿನದಲ್ಲಿ ವಾರ್ಡಿನ ಮುದುಕರೆಲ್ಲ ಈ ಸೀರೆಯ ಡಾಕ್ಟರಮ್ಮನ ಪ್ರಶ್ನೆಗೆ ನಗುತ್ತಾ ಹಂದಿ, ಕುದುರೆ, ಮಂಗ ಎಂದು ಉತ್ತರ ಕೊಡತೊಡಗಿದರು. ಬೇಲಿ ಮೇಲೆ ಹೋಗುವ ಓತಿಕೇತವನ್ನು ಮೈಮೇಲೆ ಬಿಟ್ಟುಕೊಳ್ಳುತ್ತಿದ್ದೇನೆ ಎಂದು ಅವಳಿಗೆ ತಿಳಿಯುವುದಾದರೂ ಹೇಗೆ?

ಸಾವಿರದ ಒಂಬೈನೂರ ಎಪ್ಪತ್ತರ ನವೆಂಬರಿನ ಕೊನೆಯಲ್ಲಿ ಮೊಯ್ ಎಂಬುವರು ದಾಖಲಾದರು. ಚೈನಾಟೌನಿನ ಹೋಟೆಲೊಂದರಲ್ಲಿ ಮೂವತ್ತು ವರ್ಷದಿಂದ ಅಡುಗೆಯವರು. ಮುಖ ಬಾತಿತ್ತು, ಪಾದ ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು, ಉಸಿರಿನಲ್ಲಿ ಉಚ್ಚೆಯ ವಾಸನೆ. ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು. ರಕ್ತ ತೊಳೆಯುವ ಡಯಾಲಿಸಿಸ್ ಮೆಷಿನ್ನುಗಳು ಆಗ ಆ ಆಸ್ಪತ್ರೆಯಲ್ಲಿ ಇದ್ದದ್ದು ಆರೇ ಆರು. ಯಾರಿಗೆ ಮೆಷಿನ್ನು, ಯಾರಿಗೆ ಇಲ್ಲ ಎಂದು ತೀರ್ಮಾನಿಸಲು ಏಳು ಜನರ ಒಂದು ಕಮಿಟಿ. ಆ ಕಮಿಟಿಯ ಮೊದಲನೆಯ ನಿಯಮವೇ ವಯಸ್ಸು. ಐವತ್ತೈದು ದಾಟಿದವರ ಹೆಸರನ್ನು ಅವರು ಓದುತ್ತಲೂ ಇರಲಿಲ್ಲ.

ಮೊಯ್ ಅವರ ಕಾರ್ಡಿನಲ್ಲಿ ಹುಟ್ಟಿದ ವರ್ಷ ಸಾವಿರದ ಒಂಬೈನೂರ ಹನ್ನೆರಡು ಎಂದಿತ್ತು. ಅಂದರೆ ಐವತ್ತೆಂಟು. ಅಲ್ಲಿಗೆ ಅವರ ಕಥೆ ಮುಗಿದಿತ್ತು. ಅನಸೂಯ ಅವರನ್ನು ಮಾತನಾಡಿಸಿದ್ದು ಬರೀ ಮರ್ಯಾದೆಗೆ. ಹೋಗುವ ಜೀವ, ಎರಡು ಒಳ್ಳೆಯ ಮಾತು ಕೇಳಲಿ ಎಂದು.

"ಆ ಬಾಕ್, ನೇ ಸುಕ್ ಮೇ ಆ?"

ಮೊಯ್ ಕಣ್ಣು ಬಿಟ್ಟರು. ನಡುಮಧ್ಯಾಹ್ನದ ಬೆಳಕಿನಲ್ಲಿ ಬಿಳಿ ಕೋಟಿನ ಕೆಳಗೆ ಸೀರೆ ಉಟ್ಟ ಹೆಂಗಸೊಬ್ಬಳು ತಮ್ಮ ನುಡಿಯಲ್ಲಿ, ತಮ್ಮ ಮನೆಯ ರೀತಿಯಲ್ಲಿ ಕೇಳುತ್ತಿದ್ದಾಳೆ. ಒಣಗಿದ ತುಟಿ ಅರಳಿತು. "ಸೇ" ಎಂದರು. ಹಾವು.

"ನಾನೂ ಸೇ!" ಎಂದು ಅನಸೂಯ ತನ್ನ ಎದೆ ಮುಟ್ಟಿಕೊಂಡು ನಕ್ಕಳು.

ಆ ನಗು ಒಬ್ಬಳದೇ ಆಯಿತು. ಮೊಯ್ ಅವರ ಕಣ್ಣು ಅವಳನ್ನು ದಾಟಿ ಮಿಸೆಸ್ ಚಿನ್ ಕಡೆ ಹೋಯಿತು. ಅವರು ದಿಂಬಿಗೆ ಗವಸು ಹಾಕುತ್ತಿದ್ದವರು ಅರ್ಧಕ್ಕೇ ನಿಂತಿದ್ದರು. ಮೊಯ್ ನಿಧಾನವಾಗಿ ಗೋಡೆಯ ಕಡೆ ಹೊರಳಿದರು.

ಅನಸೂಯ ಪುಸ್ತಕ ತೆಗೆದಳು. ಹನ್ನೆರಡನೆಯ ಇಸವಿ ಇಲಿಯದು. ಹಾವಿನದು ಹದಿನೇಳು. ಅದರ ಹಿಂದಿನ ಹಾವು ಹಿಡಿದರೆ ಅರವತ್ತೈದಾಗಬೇಕು, ಈ ಕರಿಗೂದಲಿಗೆ ಅದು ಹೊಂದುವುದೇ ಇಲ್ಲ. ಹಾಗಾದರೆ ಐವತ್ತಮೂರು! ವರಾಂಡದಲ್ಲಿ ಮಿಸೆಸ್ ಚಿನ್ನರ ಕೈ ಹಿಡಿದು, "ಅವರಿಗೆ ಬರೀ ಐವತ್ತಮೂರು! ಮೆಷಿನ್ ಸಿಗತ್ತೆ, ಬದುಕ್ತಾರೆ!" ಎಂದಳು.

ಮಿಸೆಸ್ ಚಿನ್ ಕೈ ಬಿಡಿಸಿಕೊಂಡರು. "ಅವರಿಗೆ ಮೈ ಮೇಲೆ ಪ್ರಜ್ಞೆ ಇಲ್ಲ ಡಾಕ್ಟರ್. ಏನೋ ಅಂದಿದಾರೆ. ಕಾರ್ಡಿನಲ್ಲಿ ಏನಿದೆಯೋ ಅದನ್ನೇ ಬರೀರಿ" ಎಂದು ಹೊರಟುಹೋದರು. ಆ ದಿಂಬು ಸಂಜೆಯವರೆಗೂ ಗವಸಿಲ್ಲದೆ ಬಿದ್ದಿತ್ತು. ಅದನ್ನು ಕಂಡಾಗಲಾದರೂ ಅವಳು ಯೋಚಿಸಬೇಕಿತ್ತು.

ಸಂಜೆ ಗಂಡ ರಘೋತ್ತಮ ಕಾರು ತಂದ. ಅವನು ಮೆಕ್ಯಾನಿಕಲ್ ಇಂಜಿನಿಯರು. ಊರಾಚೆಯ ಸ್ಕೋಕಿಯ ಎರಡು ಕೋಣೆಯ ಅಪಾರ್ಟ್‌ಮೆಂಟಿಗೆ ಹಿಂತಿರುಗುವ ಮುಕ್ಕಾಲು ಗಂಟೆಯೇ ಅವರಿಬ್ಬರ ಸಂಸಾರದ ಮಾತುಕತೆಯ ಹೊತ್ತು. ಅವಳು ಎಲ್ಲವನ್ನೂ ಹೇಳಿದಳು.

"ಇದೇನು ದೊಡ್ಡ ವಿಷಯ? ನಿಮ್ಮ ಶೇಷಗಿರಿ ಚಿಕ್ಕಪ್ಪನ ಕೇಸು" ಎಂದು ಅವನು ನಕ್ಕ.

ಶೇಷಗಿರಿ ಚಿಕ್ಕಪ್ಪನನ್ನು ಸ್ಕೂಲಿಗೆ ಸೇರಿಸುವಾಗ ಹೆಡ್‌ಮಾಸ್ತರು ತಮಗೆ ತೋಚಿದ ತಾರೀಖು ಬರೆದು ಆರು ವರ್ಷ ಇಳಿಸಿಬಿಟ್ಟಿದ್ದರು. ಚಿಕ್ಕಪ್ಪ ಖಜಾನೆ ಇಲಾಖೆಯಲ್ಲಿ ಕೆಲಸದಲ್ಲಿ ಇರುವಾಗಲೇ ಮನೆಯಲ್ಲಿ ಅರವತ್ತು ತುಂಬಿ, ಷಷ್ಟ್ಯಬ್ದಿ ಶಾಂತಿ ಆಯಿತು. ಇಡೀ ಆಫೀಸು ಬಂದು ಹೋಳಿಗೆ ಊಟ ಮಾಡಿತು. ಹಾಗೆ ಉಂಡು ಹೋದ ಮೇಲಧಿಕಾರಿಯೇ ಮರುತಿಂಗಳು, ಇವರಿಗಿನ್ನೂ ಐವತ್ತೈದು ತುಂಬಿಲ್ಲ, ನಿವೃತ್ತಿಗೆ ಸಮಯವಿದೆ ಎಂದು ಸಹಿ ಹಾಕಿದ. ಇದರಲ್ಲಿ ಸುಳ್ಳಿದೆ ಎಂದು ಉಂಡವರಿಗೂ ಅನಿಸಲಿಲ್ಲ, ಬಡಿಸಿದವರಿಗೂ ಅನಿಸಲಿಲ್ಲ. ಅನಸೂಯಳಿಗೂ ಎರಡು ವಯಸ್ಸು. ಬೇಗ ಸ್ಕೂಲಿಗೆ ಸೇರಲಿ ಎಂದು ಅಪ್ಪ ಒಂದು ವರ್ಷ ಏರಿಸಿದ್ದರು. ಜಾತಕದ ವಯಸ್ಸು ಮದುವೆಗೆ, ಸರ್ಟಿಫಿಕೇಟಿನ ವಯಸ್ಸು ಸರ್ಕಾರಕ್ಕೆ. ನಮ್ಮಲ್ಲಿ ಇದು ನಗೆಯ ಮಾತು. ಒಂದೂರಿನ ನಗೆ ಇನ್ನೊಂದೂರಿನಲ್ಲಿ ಅಪರಾಧವಾಗಬಹುದು ಎಂಬುದು ಕಾರಿನಲ್ಲಿದ್ದ ಆ ಇಬ್ಬರು ಬುದ್ಧಿವಂತರಿಗೆ ಹೊಳೆಯಲಿಲ್ಲ.

"ಒಂದು ಅಫಿಡವಿಟ್ ಬಿಸಾಕಿದ್ರೆ ಮುಗೀತಲ್ಲೇ. ಬರೆದುಬಿಡು, ಪಾಪ, ಒಂದು ಜೀವ ಉಳಿಯುತ್ತೆ" ಎಂದ ರಘೋತ್ತಮ.

ಮಾರನೆಯ ದಿನ ಅವಳು ಬರೆದುಬಿಟ್ಟಳು. "ರೋಗಿಯ ನಿಜವಾದ ವಯಸ್ಸು ಐವತ್ತಮೂರು. ಈ ದೇಶಕ್ಕೆ ಬರುವಾಗ ಕೊಟ್ಟ ಹುಟ್ಟಿದ ವರ್ಷ ಸರಿಯಾದದ್ದಲ್ಲ." ಕೆಳಗೆ ದುಂಡಗೆ ಸಹಿ. ಕಮಿಟಿಯ ಅಧ್ಯಕ್ಷ, ಹಿರಿಯ ಡಾಕ್ಟರ್ ಹಾಲ್ವರ್ಸನ್ ಓದಿ, ಒಳ್ಳೆಯ ಕೆಲಸ ಎಂದರು. ಆಸ್ಪತ್ರೆಯ ಸಮಾಜ ಸೇವಕಿ ಮಿಸ್ ಡೋಲನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಎಲ್ಲರಿಗೂ ಒಳ್ಳೆಯದೇ ಆಗಬೇಕು ಎನ್ನುವ ಜೀವ ಅದು. "ಕಮಿಟಿಗೆ ಒಂದು ಆಧಾರ ಬೇಕಲ್ಲ? ಇಮಿಗ್ರೇಶನ್ ಆಫೀಸಿಗೆ ಬರೆದು ಇವರ ಹಳೇ ಫೈಲು ತೆಗೆಸೋಣ. ತಪ್ಪು ಎಲ್ಲಿ ಆಯ್ತು ಅಂತ ಅವರೇ ನೋಡ್ತಾರೆ" ಎಂದಳು. ಅನಸೂಯ ಅವಳಿಗೆ ಥ್ಯಾಂಕ್ಸ್ ಹೇಳಿದಳು. ಹೌದು, ಬಾಯಿ ತುಂಬಾ ಥ್ಯಾಂಕ್ಸ್ ಹೇಳಿದಳು.

ಸೋಮವಾರ ಸಿಹಿಸುದ್ದಿ ಹೊತ್ತು ಮೊಯ್ ಅವರ ಹಾಸಿಗೆಯ ಹತ್ತಿರ ಹೋದಳು. ನಾಲ್ಕು ದಿನದ ಔಷಧಿಯಿಂದ ಅವರಿಗೆ ತಲೆ ತಿಳಿಯಾಗಿತ್ತು. ಅವಳು ಹೇಳಿದ್ದನ್ನು ಪೂರ್ತಿ ಕೇಳಿದರು. ಅಡುಗೆಮನೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದರು.

"ಬರೆದಾಯ್ತಾ?"

"ಆಯ್ತು."

ಅವರು ಮಿಸೆಸ್ ಚಿನ್ನರನ್ನು ಕರೆಸಿದರು. ಮಿಸೆಸ್ ಚಿನ್ ಹಾಸಿಗೆಯ ಸುತ್ತಲ ಪರದೆ ಎಳೆದು, ಕುರ್ಚಿಯ ತುದಿಯಲ್ಲಿ ಕೂತು, ಅವರು ಹೇಳಿದ್ದನ್ನೆಲ್ಲ ಮೆಲ್ಲಗೆ ಅನಸೂಯಳಿಗೆ ಹೇಳಿದರು.

ಚೀನಾದ ಕೂಲಿಗಳು ಈ ದೇಶಕ್ಕೆ ಕಾಲಿಡಕೂಡದು ಎಂದು ಕಾನೂನಿದ್ದ ಕಾಲ. ಇಲ್ಲಿಯ ಪೌರರಾದವರ ಮಕ್ಕಳು ಮಾತ್ರ ಬರಬಹುದಿತ್ತು. ಮೊಯ್ ಎಂಬ ಒಬ್ಬ ಪೌರ ಊರಿಗೆ ಹೋಗಿ ಬಂದವನು, ಹುಟ್ಟದೇ ಇದ್ದ ಮಗನೊಬ್ಬ ಇಲಿಯ ವರ್ಷದಲ್ಲಿ ಹುಟ್ಟಿದ್ದಾನೆ ಎಂದು ಬರೆಸಿದ್ದ. ಆ ಹುಟ್ಟದ ಮಗನ ಕಾಗದದ ಮೇಲೆ ಬಂದವರು ಇವರು. ಆಗ ಇವರಿಗೆ ಹದಿನಾರು, ಕಾಗದಕ್ಕೆ ಇಪ್ಪತ್ತೊಂದು. ಎತ್ತರದ ಹುಡುಗ, ನಡೆದುಹೋಯಿತು. ಹಡಗಿನಲ್ಲಿ ಕೂತು ಯಾರದೋ ಮನೆಗೆ ಎಷ್ಟು ಮೆಟ್ಟಿಲು, ಅಕ್ಕಿಯ ಪೆಟ್ಟಿಗೆ ಎಲ್ಲಿ, ಬಾವಿ ಯಾವ ದಿಕ್ಕಿಗೆ ಎಂದು ಬಾಯಿಪಾಠ ಮಾಡಿದರು. ಬಂದರಿನಲ್ಲಿ ಅಧಿಕಾರಿಗಳು ಮೂರು ದಿನ ಕೇಳಿದರು. ನಿನ್ನದು ಯಾವ ಪ್ರಾಣಿ ಎಂದೂ ಕೇಳಿದರು. ಇಲಿ ಎಂದರು. ಮೂವತ್ತೇಳು ವರ್ಷ, ಕುಡಿದಾಗ ಕೂಡ, ಇಲಿ ಎಂದೇ ಹೇಳಿದವರು.

"ನಿಮ್ಮ ಹತ್ತಿರ ಮಾತ್ರ ಹಾವು ಅಂದ್ರಂತೆ" ಎಂದರು ಮಿಸೆಸ್ ಚಿನ್. "ಅಮ್ಮ ಕೇಳಿದ ಹಾಗೆ ಕೇಳಿಸ್ತಂತೆ."

ಇನ್ನೂ ಇತ್ತು. ಬಂದ ಮೂರು ವರ್ಷಕ್ಕೆ ಊರಿಗೆ ಹೋಗಿ ಮದುವೆಯಾಗಿದ್ದರು. ಹೆಂಡತಿಯ ಜೊತೆ ಬಾಳಿದ್ದು ಹನ್ನೊಂದು ತಿಂಗಳು. ಆಮೇಲೆ ಯುದ್ಧ, ಆಮೇಲೆ ಗಡಿ ಮುಚ್ಚಿತು. ಆಕೆ ಹೇಗೋ ಹಾಂಗ್‌ಕಾಂಗಿಗೆ ದಾಟಿ ಬಂದು ಎಂಟು ವರ್ಷವಾಗಿತ್ತು. ಫೈಲು ತೆಗೆದಾರೆಂಬ ಭಯಕ್ಕೆ ಇವರು ಆಕೆಯನ್ನು ಕರೆಸಿಕೊಳ್ಳಲು ಅರ್ಜಿಯನ್ನೇ ಹಾಕಿರಲಿಲ್ಲ. ಕಾಯಿಲೆ ಶುರುವಾದ ಮೇಲೆ, ಸಾಯುವ ಮುಂಚೆ ಒಮ್ಮೆ ನೋಡಬೇಕೆಂದು ಧೈರ್ಯ ಮಾಡಿ ಹಾಕಿದ್ದರು. ಎಲ್ಲ ಆಗಿ, ವೀಸಾಕ್ಕಾಗಿ ಆಕೆಯ ಎದೆಯ ಎಕ್ಸ್‌ರೇ ಒಂದು ಇನ್ನೊಮ್ಮೆ ಆಗಬೇಕಿತ್ತು. ವಿಮಾನ ಜನವರಿ ಹದಿನಾರಕ್ಕೆ. ಆಕೆಯನ್ನು ಕರೆಸಿಕೊಳ್ಳುತ್ತಿರುವ ಗಂಡ ಇಲಿಯ ವರ್ಷದ ಮೊಯ್. ಹಾವಿನ ವರ್ಷದವರು ಈ ದೇಶದಲ್ಲಿ ಯಾರೂ ಅಲ್ಲ. ಫೈಲು ತೆರೆದರೆ ಇವರೂ ಇಲ್ಲ, ಆಕೆಯೂ ಇಲ್ಲ.

ಅನಸೂಯ ಓಡಿದಳು. ಮಿಸ್ ಡೋಲನ್ ಟೈಪ್‌ರೈಟರಿನ ಹಿಂದೆ ನಗುನಗುತ್ತಾ ಕೂತಿದ್ದಳು. "ಕಾಗದವಾ? ಶುಕ್ರವಾರದ ಟಪಾಲಿಗೇ ಹಾಕಿದೆ" ಎಂದು ಕಾರ್ಬನ್ ಪ್ರತಿ ತೋರಿಸಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ ಮಾತಾದರೆ ಇಲ್ಲವೆನ್ನಬಹುದಿತ್ತು. ಇದು ಟೈಪಾಗಿ ಹೋಗಿತ್ತು.

ಅವಳು ಮೊಯ್ ಅವರ ಹತ್ತಿರ ವಾಪಸು ಬಂದಾಗ ಅವರು ಆಗಲೇ ತೀರ್ಮಾನ ಮಾಡಿದ್ದರು.

"ಬರೀರಿ" ಎಂದರು. "ನನಗೆ ಚೈನೀಸ್ ಬರಲ್ಲ, ತಪ್ಪು ತಿಳಿದೆ, ಇವನಿಗೆ ಐವತ್ತೆಂಟು ಅಂತ ಬರೀರಿ."

"ಹಾಗೆ ಬರೆದ್ರೆ ನಿಮಗೆ ಮೆಷಿನ್ ಸಿಗಲ್ಲ. ಮೆಷಿನ್ ಇಲ್ಲದೆ ಇದ್ರೆ..."

"ಗೊತ್ತು. ಏಳು ವಾರ ಬೇಕು. ಅಷ್ಟು ಕೊಡಿ."

ಅವರು ಹೆಂಡತಿ ಬರುವ ಮೊದಲೇ ಸತ್ತರೆ ಅರ್ಜಿಯೂ ಅವರ ಜೊತೆಗೇ ಸಾಯುತ್ತದೆ, ಕಾನೂನು ಹಾಗಿದೆ ಎಂದು ಮಿಸೆಸ್ ಚಿನ್ ಬಿಡಿಸಿ ಹೇಳಿದರು. ಅನಸೂಯ ಅತ್ತಳು. ವಾರ್ಡಿನ ಮಧ್ಯೆ, ಪರದೆಯೊಳಗೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿಸಿ ಬರೆದಳು. ಹಿಂದೆ ಬರೆದದ್ದು ಸತ್ಯ, ಒಂದು ಜೀವ ಉಳಿಸಲು ಬರೆದದ್ದು. ಈಗ ಬರೆದದ್ದು ಸುಳ್ಳು, ಅದೇ ಜೀವ ತೆಗೆಯುವಂಥದ್ದು. ಎರಡರ ಕೆಳಗೂ ಒಂದೇ ಸಹಿ.

ಡಾಕ್ಟರ್ ಹಾಲ್ವರ್ಸನ್ ಎರಡು ಕಾಗದಗಳನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. "ನೀನು ತುಂಬಾ ಖಚಿತವಾಗಿ ಹೇಳಿದ್ದೆ" ಎಂದರು.

"ನನಗೆ ಆ ಭಾಷೆ ಬರಲ್ಲ ಸರ್."

"ಬರದ ಭಾಷೆಯಲ್ಲಿ ಇನ್ನು ಮುಂದೆ ಏನನ್ನೂ ಕೇಳಬೇಡ" ಎಂದು ಮೊಯ್ ಅವರ ಹೆಸರಿನ ಮೇಲೆ ಗೆರೆ ಎಳೆದರು. ಹಿಂದಿನ ಕಾಗದವನ್ನು ಗಮನಿಸಬೇಡಿ ಎಂದು ಮಿಸ್ ಡೋಲನ್ ಇನ್ನೊಂದು ಕಾಗದ ಕಳಿಸಿದಳು. ಅಲ್ಲಿ ಯಾವುದನ್ನು ಮೊದಲು ಒಡೆದು ಓದುತ್ತಾರೋ ದೇವರಿಗೇ ಗೊತ್ತು.

ಮೆಷಿನ್ನಿಲ್ಲದವರಿಗೆ ಒಂದು ಹಳೆಯ ದಾರಿಯಿತ್ತು. ಹೊಟ್ಟೆಗೆ ಸಣ್ಣ ತೂತು ಮಾಡಿ, ನಳಿಕೆ ತೂರಿಸಿ, ಬಾಟಲಿಗಟ್ಟಲೆ ದ್ರಾವಣ ಬಿಟ್ಟು, ವಿಷ ಹೀರಿಕೊಂಡ ಮೇಲೆ ಮತ್ತೆ ಹೊರಗೆ ಬಸಿಯುವುದು. ಅದನ್ನು ಹೆಚ್ಚು ದಿನ ನಡೆಸುವ ಹಾಗಿಲ್ಲ, ಒಳಗೆ ಕೀವಾಗುತ್ತದೆ. ಮನೆಗೆ ಹೋದ ಅವರನ್ನು ಅನಸೂಯ ಪ್ರತಿ ಮಂಗಳವಾರ ಕರೆಸಿ, ತನ್ನ ರಜೆಯ ಹೊತ್ತಿನಲ್ಲಿ ತಾನೇ ಪಕ್ಕದಲ್ಲಿ ಕೂತು ಮಾಡಿದಳು. ಇಬ್ಬರೂ ಬಾಟಲಿ ಖಾಲಿಯಾಗುವುದನ್ನು ನೋಡುತ್ತಾ ಕೂರುತ್ತಿದ್ದರು. ಒಮ್ಮೆ ಮಾತ್ರ ಅವರು, ಹೆಂಡತಿಗೆ ಹುಳಿ ಅಂದರೆ ಆಸೆ, ಇಲ್ಲಿ ಒಳ್ಳೆಯ ಹುಳಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಅವಳು ತನ್ನ ಮನೆಯ ಹುಣಿಸೆಹಣ್ಣಿನ ಉಂಡೆಯೊಂದನ್ನು ತಂದುಕೊಟ್ಟಳು.

ವಾರ್ಡಿನ ಫೋನು ರಿಂಗಾದಾಗಲೆಲ್ಲ ಯಾರಿಗೆ ಎಂದು ಅವಳು ತಿರುಗಿ ನೋಡುತ್ತಿದ್ದಳು. ಡಿಸೆಂಬರಿನ ಮೂರನೆಯ ವಾರ ಅದು ಅವಳಿಗೇ ಬಂತು. ಗಂಡಸಿನ ದನಿ, ತುಂಬಾ ಸೌಜನ್ಯದ್ದು. ಹೆಸರು ಹೇಳಲಿಲ್ಲ, ಇಮಿಗ್ರೇಶನ್ ಆಫೀಸಿದ್ದ ಫೆಡರಲ್ ಬಿಲ್ಡಿಂಗಿನಿಂದ ಎಂದಷ್ಟೇ ಹೇಳಿತು.

"ಚೈನೀಸ್ ಮಾತಾಡೋ ಇಂಡಿಯನ್ ಡಾಕ್ಟರ್ ನೀವೇನಾ?"

"ನನಗೆ ಚೈನೀಸ್ ಬರಲ್ಲ."

"ಒಂದು ಮಾತೂ ಬರಲ್ವಾ?"

"ಇಲ್ಲ."

"ಥ್ಯಾಂಕ್ ಯೂ ಡಾಕ್ಟರ್. ಬೇಕಾದ್ರೆ ಮತ್ತೆ ಫೋನ್ ಮಾಡ್ತೀವಿ." ಅವಳು ಫೋನು ಇಟ್ಟು, ಜೇಬಿನ ಪುಸ್ತಕದಿಂದ ಹನ್ನೆರಡು ಪ್ರಾಣಿಗಳ ಹಾಳೆ ಹರಿದು, ಚೂರು ಮಾಡಿ, ಕಕ್ಕಸಿಗೆ ಹಾಕಿ ನೀರು ಬಿಟ್ಟಳು. ರಘೋತ್ತಮನಿಗೂ ಹೇಳಲಿಲ್ಲ. ಅವರಿಬ್ಬರೂ ಇಲ್ಲಿದ್ದದ್ದು ಅವಳ ವೀಸಾದ ಬಲದ ಮೇಲೆ.

ಜನವರಿ ಹನ್ನೆರಡು ಮಂಗಳವಾರ. ಮೊಯ್ ಬರಲಿಲ್ಲ. ಹಿಂದಿನ ವಾರವೇ ಅವರಿಗೆ ಹೊಟ್ಟೆ ಮುಟ್ಟಿಸಿಕೊಳ್ಳಲಾಗದಷ್ಟು ನೋವಿತ್ತು. ದಾಖಲಾಗಿ ಎಂದು ಅವಳು ಎಷ್ಟು ಹೇಳಿದರೂ, ಆಸ್ಪತ್ರೆಯಲ್ಲಿ ಸತ್ತರೆ ಮುಚ್ಚಿಡಲಾಗುವುದಿಲ್ಲ ಎಂದು ಎದ್ದು ಹೋಗಿದ್ದರು. ಬುಧವಾರ ಮಧ್ಯಾಹ್ನ ಮಿಸೆಸ್ ಚಿನ್ ಕೋಟು ಹಾಕಿಕೊಂಡೇ ವಾರ್ಡಿಗೆ ಬಂದರು. "ಬ್ಯಾಗ್ ತಗೊಂಡು ಬನ್ನಿ" ಎಂದರು, ಅಷ್ಟೇ.

ಹೊರಗೆ ಐದು ಡಿಗ್ರಿ ಫ್ಯಾರನ್‌ಹೀಟ್, ನೀರು ಗಟ್ಟಿಯಾಗುವ ಮೂವತ್ತೆರಡಕ್ಕಿಂತ ಬಹಳ ಕೆಳಗೆ. ಸರೋವರದ ಗಾಳಿ ಸೀರೆಯನ್ನು ಕಾಲಿಗೆ ಸುತ್ತುತ್ತಿತ್ತು. ದಿನಸಿ ಅಂಗಡಿಯೊಂದರ ಮೇಲಿನ ಮೂರನೆಯ ಮಹಡಿಯಲ್ಲಿ ಒಂದು ಕೋಣೆ. ಬಾಗಿಲು ತೆಗೆದಾಗ ಒಳಗಿನ ಚಳಿ ಹೊರಗಿನಷ್ಟೇ ಇತ್ತು. ಕಿಟಕಿಯನ್ನು ಎರಡು ಗೇಣು ಎತ್ತಿ ಇಟ್ಟಿದ್ದರು. ಬಿಸಿನೀರಿನ ರೇಡಿಯೇಟರು ಆರಿತ್ತು. ಕೋಟು, ಟೋಪಿ ಹಾಕಿಕೊಂಡ ನಾಲ್ವರು ಮುದುಕರು ಗೋಡೆಗೆ ಒರಗಿ ನಿಂತಿದ್ದರು. ಮೊಯ್ ಹಾಸಿಗೆಯಲ್ಲಿ ಗದ್ದದವರೆಗೆ ಹೊದ್ದು ಮಲಗಿದ್ದರು.

ಅವಳಿಗೆ ಬಾಗಿಲಿನಿಂದಲೇ ತಿಳಿಯಿತು. ಆದರೂ ಹೋಗಿ ಮಣಿಕಟ್ಟು ಹಿಡಿದಳು. ಅದು ಮರಗಟ್ಟಿತ್ತು.

ಯಾರೂ ಏನನ್ನೂ ಕೇಳಲಿಲ್ಲ. ಅದೇ ಅವಳನ್ನು ಹೆದರಿಸಿತು. ಎಲ್ಲರಿಗಿಂತ ಹಿರಿಯ ಮುದುಕ ಒಂದು ಪಿಂಗಾಣಿ ಬಟ್ಟಲಿಗೆ ಚಹಾ ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ ಅವಳ ಮುಂದೆ ಚಾಚಿದ.

"ಪ್ಲೇನು ಶನಿವಾರ ಮಧ್ಯಾಹ್ನ ಬರತ್ತೆ" ಎಂದರು ಮಿಸೆಸ್ ಚಿನ್. "ಹಾಂಗ್‌ಕಾಂಗಿನಲ್ಲಿ ಆಕೆ ಈಗ ಪೆಟ್ಟಿಗೆ ಕಟ್ತಿರಬೇಕು."

ಡಾಕ್ಟರು ಸಾವನ್ನು ಕಂಡರೆ ಬರೆಯಬೇಕು. ಬರೆಯದಿದ್ದರೆ ಲೈಸೆನ್ಸು ಹೋಗುತ್ತದೆ, ವೀಸಾ ಹೋಗುತ್ತದೆ, ಜೈಲೂ ಆಗಬಹುದು. ಆ ಸೌಜನ್ಯದ ದನಿ ಇನ್ನೊಮ್ಮೆ ಫೋನು ಮಾಡಿದರೆ ಸಾಕು. ಅನಸೂಯ ಬಟ್ಟಲು ತೆಗೆದುಕೊಂಡಳು. ಇವರನ್ನು ಕೊಂದದ್ದು ಮೂತ್ರಪಿಂಡವಲ್ಲ, ನಾನು, ಎಂದು ಅವಳಿಗೆ ಅನ್ನಿಸಿತು. ಅದು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಚಹಾವನ್ನು ಒಂದೇ ಗುಟುಕಿಗೆ ಕುಡಿದಳು.

"ಪೇಷಂಟಿಗೆ ರೆಸ್ಟ್ ಬೇಕು" ಎಂದಳು. "ಶನಿವಾರ ಸಂಜೆ ಬಂದು ನೋಡ್ತೀನಿ."

ಹೊರಡುವ ಮುಂಚೆ ಕಿಟಕಿಯ ಹತ್ತಿರ ಹೋಗಿ, ಅದನ್ನು ಇನ್ನೊಂದು ಗೇಣು ಮೇಲಕ್ಕೆತ್ತಿದಳು.

ಗುರುವಾರ ರಾತ್ರಿ ಊಟಕ್ಕೆ ಕೂತಾಗ ರಘೋತ್ತಮ ಉತ್ಸಾಹದಿಂದ, "ಒಳ್ಳೇ ಸುದ್ದಿ ಕಣೇ, ನಾಳೆ ನಲವತ್ತಕ್ಕೆ ಏರುತ್ತಂತೆ! ಹಿಮ ಎಲ್ಲ ಕರಗಿಹೋಗುತ್ತೆ" ಎಂದ. ಅವಳು ಊಟ ಬಿಟ್ಟು ಎದ್ದಳು. ಇಡೀ ಶಿಕಾಗೋ ಬಿಸಿಲಿಗೆ ಹಾರೈಸುತ್ತಿದ್ದಾಗ ಅವಳೊಬ್ಬಳು ದೇವರ ಪಟದ ಮುಂದೆ ಕೂತು ಚಳಿ ಬೇಡಿದಳು. ಇಂಥದ್ದನ್ನು ಯಾವ ಸ್ತೋತ್ರದಲ್ಲಿ ಬೇಡುವುದೋ ತಿಳಿಯದೆ ಬರೀ ಕೈ ಮುಗಿದಳು. ಶುಕ್ರವಾರ ಮೋಡ ಮುಚ್ಚಿತು. ಮೂವತ್ತೊಂದಕ್ಕೆ ಏರಿ ಅಲ್ಲಿಗೇ ನಿಂತಿತು. ಸೂರಿನ ಹಿಮದಿಂದ ಒಂದೊಂದೇ ಹನಿ ಬೀಳಲು ಶುರುವಾಗಿ, ಸಂಜೆಗೆ ಮತ್ತೆ ಗಟ್ಟಿಯಾಯಿತು.

ಶನಿವಾರ ಐದೂ ಕಾಲಿಗೆ ಅವಳು ಆ ಮೆಟ್ಟಿಲು ಹತ್ತಿದಳು. ವಿಮಾನ ನಿಲ್ದಾಣದಲ್ಲಿ ಯಾರೂ ಯಾರನ್ನೂ ತಡೆದಿರಲಿಲ್ಲ. ಮಿಸ್ ಡೋಲನ್ ಕಳಿಸಿದ ಆ ಎರಡು ಕಾಗದಗಳಿಗೆ, ಆ ಒಂದು ಫೋನು ಬಿಟ್ಟರೆ, ಉತ್ತರ ಎಂದೂ ಬರಲಿಲ್ಲ; ಬಹುಶಃ ಇನ್ನೂ ಯಾವುದೋ ಮೇಜಿನ ಮೇಲೆ ಒಂದರ ಮೇಲೊಂದು ಬಿದ್ದಿರಬೇಕು.

ಹತ್ತಿಯ ದಪ್ಪ ಅಂಗಿ ತೊಟ್ಟ, ಐವತ್ತು ದಾಟಿದ ಪುಟ್ಟ ಹೆಂಗಸೊಬ್ಬಳು ಹಾಸಿಗೆಯ ಪಕ್ಕದಲ್ಲಿ ನಿಂತಿದ್ದಳು. ಕಾರಿನಲ್ಲಿ ಬರುವಾಗ ಮಿಸೆಸ್ ಚಿನ್ ಎಲ್ಲ ಹೇಳಿದ್ದರು. ಬೀದಿಯಲ್ಲಿ ಅಳಬೇಡ, ಮೆಟ್ಟಿಲಿನ ಮೇಲೂ ಅಳಬೇಡ ಎಂದೂ ಹೇಳಿದ್ದರು. ಆಕೆ ಅತ್ತಿರಲಿಲ್ಲ. ಆ ಬಾತ ಮುಖವನ್ನು ಒಂದು ಕಡೆಯಿಂದ ನೋಡಿದಳು, ಸುತ್ತಿ ಬಂದು ಇನ್ನೊಂದು ಕಡೆಯಿಂದ ನೋಡಿದಳು. ಹೊದಿಕೆ ಸರಿಸಿ ಕೈ ನೋಡಿದಳು. ಮೂವತ್ತು ವರ್ಷ ಬಾಣಲೆಯ ಮುಂದೆ ನಿಂತ ಕೈ ಅದು, ತುಂಬಾ ಸುಟ್ಟ ಕಲೆಗಳು. ಹೊದಿಕೆಯನ್ನು ಮತ್ತೆ ಸರಿಮಾಡಿದಳು. ಮಿಸೆಸ್ ಚಿನ್ ಕಡೆ ತಿರುಗಿ ಏನೋ ಮೆಲ್ಲಗೆ ಹೇಳಿದಳು.

"ಏನಂದ್ರು?" ಎಂದು ಅನಸೂಯ ಕೇಳಿದಳು.

"ಗುರುತು ಸಿಗಲಿಲ್ಲವಂತೆ" ಎಂದರು ಮಿಸೆಸ್ ಚಿನ್. "ತನ್ನ ಗಂಡ ಹುಡುಗ, ಇವರು ಯಾರೋ ಗೊತ್ತಿಲ್ಲ ಅಂತಿದಾಳೆ. ಅಳಬೇಕಾದ ಹೊತ್ತು ಬಂದಾಗ ಹೇಳಿ, ಅಳ್ತೀನಿ ಅಂದಳು."

ಅನಸೂಯ ಕಿಟಕಿ ಮುಚ್ಚಿದಳು. ಕುರ್ಚಿ ಎಳೆದುಕೊಂಡು ಕೂತು, ಪೆನ್ನು ತೆಗೆದು, ಇಲಿನಾಯ್ ರಾಜ್ಯದ ಮರಣಪತ್ರದಲ್ಲಿ ಹೆಸರು ಬರೆದಳು, ವಯಸ್ಸು ಐವತ್ತೆಂಟು ಎಂದು ಬರೆದಳು, ತಾರೀಖು ಬರೆದಳು. ಗಡಿಯಾರ ನೋಡಿ ಐದು ನಲವತ್ತು ಎಂದು ಬರೆದು ಸಹಿ ಹಾಕಿದಳು. ಆಮೇಲೆ ತಲೆಯೆತ್ತಿ ಮಿಸೆಸ್ ಚಿನ್ ಅವರನ್ನು ನೋಡಿದಳು. ಮಿಸೆಸ್ ಚಿನ್ ಆ ಹೆಂಗಸಿನ ಬೆನ್ನು ಮುಟ್ಟಿದರು, ಆಕೆ ಅಳಲು ಶುರು ಮಾಡಿದಳು.